ಜ್ವರ ಶುರುವಾಗಿ ಇವತ್ತಿಗೆ ಎಷ್ಟನೇ ದಿನ?

ಪ್ರಶ್ನೆ: ನಾವು ಸಾಗರದ ಹತ್ತಿರದ ಹಳ್ಳಿಯವರು. ಅಪ್ಪನಿಗೆ 64 ವರ್ಷ, ಅಡಿಕೆ ತೋಟದ ಕೆಲಸ ಇವತ್ತಿಗೂ ತಾವೇ ಮಾಡುತ್ತಾರೆ. ಕಳೆದ ತಿಂಗಳು ಚಳಿಜ್ವರ, ವಿಪರೀತ ತಲೆನೋವು ಶುರುವಾಯಿತು. 2ನೇ ದಿನ ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ಎರಡು ಡೋಸ್ ಕೊಟ್ಟೆವು. 3ನೇ ದಿನ ಕ್ಲಿನಿಕ್‌ನಲ್ಲಿ ರಕ್ತ ಪರೀಕ್ಷೆ ಆಯಿತು: ಟೈಫಾಯ್ಡ್‌ಗೆ ಮಾಡುವ ವೈಡಾಲ್ ಟೆಸ್ಟ್ 1:160, ಡೆಂಗ್ಯೂ ನೆಗೆಟಿವ್. ಟೈಫಾಯ್ಡ್ ಅಂದರು, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಶುರು ಮಾಡಿದರು. 8ನೇ ದಿನಕ್ಕೂ ಜ್ವರ ಇಳಿಯಲಿಲ್ಲ, ಪ್ಲೇಟ್‌ಲೆಟ್ 70,000ಕ್ಕೆ ಬಂತು. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಅಲ್ಲಿನ ಡಾಕ್ಟರು ಮೈಯೆಲ್ಲಾ ಹುಡುಕಿ, ತೊಡೆಸಂದಿನಲ್ಲಿದ್ದ ಒಂದು ಕಪ್ಪು ಹಕ್ಕಳೆ ತೋರಿಸಿ, ಇದು ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ ಅಂದರು. ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರು, ಎರಡೇ ದಿನಕ್ಕೆ ಜ್ವರ ಬಿಟ್ಟಿತು. ಹಾಗಾದರೆ ಮೊದಲ ಡಾಕ್ಟರಿಗೆ ಗೊತ್ತಾಗಲಿಲ್ಲವಾ? ಅಷ್ಟು ಟೆಸ್ಟ್ ಮಾಡಿಸಿದ್ದು ದಂಡವಾ? ಮೊದಲ ದಿನವೇ ಆ ಮಾತ್ರೆ ಕೊಡಬಹುದಿತ್ತಲ್ಲ? ಇನ್ನೂ 6 ಮಾತ್ರೆ ಉಳಿದಿವೆ, ಮುಂದಿನ ಸಲಕ್ಕೆ ಇಟ್ಟುಕೊಳ್ಳಬಹುದಾ?

ಉತ್ತರ: ಅಪ್ಪ ಹುಷಾರಾದರಲ್ಲ, ಅದು ದೊಡ್ಡದು. ಸ್ಕ್ರಬ್ ಟೈಫಸ್‌ಗೆ 8ನೇ ದಿನ ಔಷಧಿ ಶುರುವಾಗುವುದು ತಡವೇ. ಇನ್ನಷ್ಟು ತಡವಾಗಿದ್ದರೆ ಶ್ವಾಸಕೋಶ, ಕಿಡ್ನಿ, ಮೆದುಳು ಯಾವುದಕ್ಕೆ ಬೇಕಾದರೂ ತೊಂದರೆ ಆಗಬಹುದಿತ್ತು. ನೀವು ಸಮಯಕ್ಕೆ ಸರಿಯಾಗಿ ಜಾಗ ಬದಲಾಯಿಸಿದಿರಿ.

ಮೊದಲ ಡಾಕ್ಟರ ಮೇಲೆ ನಿಮಗೆ ಸಿಟ್ಟಿದೆ, ಅರ್ಥವಾಗುತ್ತದೆ. ಅವರಿಂದ ಒಂದೆರಡು ತಪ್ಪಾಗಿದೆ ಅಂತ ನನಗೂ ಅನಿಸುತ್ತದೆ. ನಿಮ್ಮಿಂದಲೂ ಒಂದಾಗಿದೆ, ಅದನ್ನೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆದರೆ 3ನೇ ದಿನದ ಜ್ವರ ನೋಡಿದ ಡಾಕ್ಟರನ್ನೂ 8ನೇ ದಿನದ ಜ್ವರ ನೋಡಿದ ಡಾಕ್ಟರನ್ನೂ ಪಕ್ಕಪಕ್ಕ ನಿಲ್ಲಿಸಿ ಹೋಲಿಸುವುದು ನ್ಯಾಯ ಅಲ್ಲ. ಅವರಿಬ್ಬರು ನೋಡಿದ್ದು ಒಂದೇ ಕಾಯಿಲೆಯನ್ನಲ್ಲ ಅನ್ನುವಷ್ಟು ವ್ಯತ್ಯಾಸ ಆ ಐದು ದಿನದಲ್ಲಿ ಆಗಿರುತ್ತದೆ.

ಜ್ವರ ಅಂತ ಯಾರೇ ಬಂದರೂ ನಾನು ಕೇಳುವ ಮೊದಲ ಪ್ರಶ್ನೆ, ಇವತ್ತಿಗೆ ಎಷ್ಟನೇ ದಿನ? "ಒಂದು ನಾಲ್ಕೈದು ದಿನ ಆಯ್ತು ಸಾರ್" ಅಂದರೆ ಬಿಡುವುದಿಲ್ಲ. ಸೋಮವಾರ ಸಂತೆಗೆ ಹೋಗಿದ್ರಾ, ಆವತ್ತು ಚೆನ್ನಾಗಿದ್ರಾ, ರಾತ್ರಿ ಚಳಿ ಬಂತಾ, ಹೀಗೆ ಕೆದಕಿ ಕೆದಕಿ ದಿನ ಗೊತ್ತುಮಾಡಿಕೊಳ್ಳುತ್ತೇನೆ. ಇದು ನನ್ನ ಚಟ ಅಂತ ನಮ್ಮ ನರ್ಸುಗಳು ನಗುತ್ತಾರೆ. ಯಾಕೆ ಅಂದರೆ ಮೊದಲ ಎರಡು ಮೂರು ದಿನ ಡೆಂಗ್ಯೂ, ಮಲೇರಿಯಾ, ಇಲಿ ಜ್ವರ, ಟೈಫಾಯ್ಡ್, ಸ್ಕ್ರಬ್ ಟೈಫಸ್, ಮಂಗನ ಕಾಯಿಲೆ, ಸುಮ್ನೆ ಒಂದು ಫ್ಲೂ, ಎಲ್ಲಾ ಒಂದೇ ಥರ ಇರುತ್ತವೆ. ಜ್ವರ, ತಲೆನೋವು, ಮೈಕೈ ನೋವು, ಊಟ ಸೇರದು. ಇವೆಲ್ಲ ರೋಗಾಣುವಿನ ಗುರುತಲ್ಲ, ಒಳಗೆ ಯಾರೋ ಬಂದಿದ್ದಾರೆ ಅಂತ ದೇಹ ಹಾಕುವ ಕೂಗು ಅಷ್ಟೇ. ಯಾರು ಬಂದರೂ ಕೂಗು ಒಂದೇ.

ಟೆಸ್ಟ್‌ಗಳಿಗೂ ದಿನ ಇದೆ. ದೊಡ್ಡದಾಗಿ ನೋಡಿದರೆ ಟೆಸ್ಟ್‌ಗಳಲ್ಲಿ ಎರಡು ಜಾತಿ. ಒಂದು, ರೋಗಾಣುವನ್ನೇ ಅಥವಾ ಅದರ ತುಣುಕನ್ನು ಹಿಡಿಯುವಂಥವು: ಮಲೇರಿಯಾದ ರಕ್ತಲೇಪ, ಬ್ಲಡ್ ಕಲ್ಚರ್, ಪಿಸಿಆರ್, ಡೆಂಗ್ಯೂವಿನ ಎನ್‌ಎಸ್1. ಇವು ಸಾಮಾನ್ಯವಾಗಿ ಶುರುವಿನ ದಿನಗಳಲ್ಲಿ ಚೆನ್ನಾಗಿ ಸಿಗುತ್ತವೆ. ಇನ್ನೊಂದು ಜಾತಿ, ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಆಂಟಿಬಾಡಿ ಹಿಡಿಯುವಂಥವು, ಐಜಿಎಂ ಅಂತ ರಿಪೋರ್ಟ್‌ನಲ್ಲಿ ಬರೆದಿರುತ್ತಾರಲ್ಲ, ಅದು. ದೇಹಕ್ಕೆ ಅದನ್ನು ತಯಾರಿಸಲು ಸಮಯ ಬೇಕು. ಡೆಂಗ್ಯೂಗೆ ಸುಮಾರು 5ನೇ ದಿನದಿಂದ ಐಜಿಎಂ ಕಾಣಿಸಿಕೊಳ್ಳುತ್ತದೆ, ಅಷ್ಟೊತ್ತಿಗೆ ಎನ್‌ಎಸ್1 ಕಡಿಮೆಯಾಗುತ್ತಾ ಬಂದಿರುತ್ತದೆ. ಸ್ಕ್ರಬ್ ಟೈಫಸ್‌ನ ಐಜಿಎಂ ಕೂಡ ಮೊದಲ ವಾರದ ಕೊನೆಗೆ ಬರುವಂಥದ್ದು. ಅಂದರೆ ನಿಮ್ಮ ಅಪ್ಪನಿಗೆ 3ನೇ ದಿನವೇ ಸ್ಕ್ರಬ್ ಟೈಫಸ್ ಟೆಸ್ಟ್ ಮಾಡಿದ್ದರೂ ನೆಗೆಟಿವ್ ಬರುವ ಸಾಧ್ಯತೆಯೇ ಜಾಸ್ತಿ ಇತ್ತು. ನೆಗೆಟಿವ್ ಬಂತು ಅಂತ ಎಲ್ಲರೂ ಅದನ್ನು ಪಟ್ಟಿಯಿಂದ ಅಳಿಸಿಬಿಡುತ್ತಿದ್ದರು. ಅದಕ್ಕಿಂತ ಟೆಸ್ಟ್ ಮಾಡದೇ ಇದ್ದದ್ದೇ ಒಳ್ಳೆಯದಾಯಿತು ಅಂತ ಬೇಕಾದರೂ ಹೇಳಬಹುದು!

ಈಗ ವೈಡಾಲ್. ಈ ಟೆಸ್ಟ್ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಯಾಕೆ ಅಂದರೆ ನಮ್ಮ ಊರುಗಳಲ್ಲಿ "ನನಗೆ ವರ್ಷಕ್ಕೆರಡು ಸಲ ಟೈಫಾಯ್ಡ್ ಬರುತ್ತೆ" ಅನ್ನುವ ಜನ ತುಂಬಾ ಇದ್ದಾರೆ. ಅವರಲ್ಲಿ ಬಹಳಷ್ಟು ಜನಕ್ಕೆ ಬಂದದ್ದು ಟೈಫಾಯ್ಡ್ ಅಲ್ಲ, ವೈಡಾಲ್ ಪಾಸಿಟಿವ್.

ಫ್ರಾನ್ಸಿನ ಫೆರ್ನಾಂಡ್ ವಿಡಾಲ್ 1896ರಲ್ಲಿ ರೂಪಿಸಿದ ಪರೀಕ್ಷೆ ಇದು. ಆ ಕಾಲಕ್ಕೆ ದೊಡ್ಡ ಸಾಧನೆ. ಆದರೆ ಇದು ಹಿಡಿಯುವುದು ಆಂಟಿಬಾಡಿಯನ್ನು, ಟೈಫಾಯ್ಡ್ ಬ್ಯಾಕ್ಟೀರಿಯಾವನ್ನಲ್ಲ. ಆ ಆಂಟಿಬಾಡಿ ಹಳೇ ಸೋಂಕಿನದಿರಬಹುದು, ಲಸಿಕೆಯದಿರಬಹುದು, ಅದೇ ಬಳಗದ ಇನ್ನೊಂದು ಬ್ಯಾಕ್ಟೀರಿಯಾದ್ದಿರಬಹುದು. ಟೈಫಾಯ್ಡ್ ಸಾಮಾನ್ಯವಾಗಿರುವ ನಮ್ಮಂಥ ದೇಶದಲ್ಲಿ ಚೆನ್ನಾಗಿ ಓಡಾಡಿಕೊಂಡಿರುವವರ ರಕ್ತದಲ್ಲೂ ಅದು ಸ್ವಲ್ಪ ಇರುತ್ತದೆ. ಸರಿಯಾಗಿ ಮಾಡಬೇಕು ಅಂದರೆ ವಾರ ಹತ್ತು ದಿನದ ಅಂತರದಲ್ಲಿ ಎರಡು ಸಲ ಮಾಡಿ, ಮಟ್ಟ ನಾಲ್ಕು ಪಟ್ಟು ಏರಿದೆಯಾ ನೋಡಬೇಕು. ಯಾರು ಮಾಡುತ್ತಾರೆ ಹೇಳಿ? 1:160 ಅಂದರೆ ರಕ್ತದ ಸೀರಂ ಅನ್ನು 160 ಪಟ್ಟು ತೆಳು ಮಾಡಿದರೂ ಆಂಟಿಬಾಡಿ ಸಿಕ್ಕಿತು ಅಂತ. 3ನೇ ದಿನ ಒಂದೇ ಒಂದು ಸಲ ಮಾಡಿದ ಅದರಿಂದ ಟೈಫಾಯ್ಡ್ ಇದೆ ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು.

ಒಂದು ಲೆಕ್ಕ ನೋಡಿ. ಅಂಕಿಗಳನ್ನು ಲೆಕ್ಕ ಸುಲಭವಾಗಲಿ ಅಂತ ನಾನೇ ಇಟ್ಟುಕೊಂಡದ್ದು. ಒಂದು ಟೆಸ್ಟ್ ಇದೆ, ರೋಗ ಇರುವ 100 ಜನರಲ್ಲಿ 90 ಜನರನ್ನು ಹಿಡಿಯುತ್ತದೆ, ರೋಗ ಇಲ್ಲದ 100 ಜನರಲ್ಲಿ 90 ಜನಕ್ಕೆ ಸರಿಯಾಗಿ ಇಲ್ಲ ಅನ್ನುತ್ತದೆ. ಕೇಳಲಿಕ್ಕೆ ಒಳ್ಳೇ ಟೆಸ್ಟ್ ಅಲ್ವಾ? ಜ್ವರ ಬಂದ 1,000 ಜನಕ್ಕೆಲ್ಲ ಇದನ್ನು ಮಾಡಿ. ಅವರಲ್ಲಿ ನಿಜವಾಗಿ ಟೈಫಾಯ್ಡ್ ಇರುವುದು 20 ಜನಕ್ಕೆ ಅಂದುಕೊಳ್ಳಿ. 18 ಜನ ಸಿಕ್ಕಿಬಿದ್ದರು. ಉಳಿದ 980 ಜನರಲ್ಲಿ 98 ಜನಕ್ಕೆ ಸುಳ್ಳು ಪಾಸಿಟಿವ್ ಬಂತು. ಒಟ್ಟು 116 ಪಾಸಿಟಿವ್ ರಿಪೋರ್ಟ್, ಅದರಲ್ಲಿ ನಿಜ 18. ಇದೇ ಟೆಸ್ಟನ್ನು ಒಂದು ವಾರದಿಂದ ಮೆಟ್ಟಿಲು ಮೆಟ್ಟಿಲಾಗಿ ಜ್ವರ ಏರುತ್ತಿರುವ, ನಾಲಿಗೆ ಬೆಳ್ಳಗಾದ, ಮನೆಯಲ್ಲಿ ಇನ್ನೊಬ್ಬರಿಗೂ ಟೈಫಾಯ್ಡ್ ಆಗಿರುವಂಥವರಿಗೆ ಮಾತ್ರ ಮಾಡಿ, ಅಂಥ 1,000 ಜನರಲ್ಲಿ 500 ಜನಕ್ಕೆ ರೋಗ ಇದೆ ಅಂದುಕೊಳ್ಳಿ. ಆಗ 500 ಪಾಸಿಟಿವ್ ಬರುತ್ತವೆ, 450 ನಿಜ. ಟೆಸ್ಟ್ ಅದೇ, ಕಿಟ್ ಅದೇ, ಲ್ಯಾಬ್ ಅದೇ. ಯಾರಿಗೆ ಮಾಡಿದಿರಿ ಅನ್ನುವುದರ ಮೇಲೆ ರಿಪೋರ್ಟಿನ ಬೆಲೆ ಬದಲಾಗಿಬಿಟ್ಟಿತು. ಅದಕ್ಕೇ ರೋಗಿಯನ್ನು ನೋಡುವ ಮೊದಲೇ "ಫೀವರ್ ಪ್ಯಾಕೇಜ್" ಅಂತ ಹನ್ನೆರಡು ಟೆಸ್ಟ್ ಒಟ್ಟಿಗೆ ಮಾಡಿಸುವುದು ನನಗೆ ಇಷ್ಟವಿಲ್ಲ. ಹನ್ನೆರಡರಲ್ಲಿ ಒಂದಾದರೂ ಪಾಸಿಟಿವ್ ಬಂದೇ ಬರುತ್ತದೆ, ಆಮೇಲೆ ಚಿಕಿತ್ಸೆ ಆ ಕಾಗದಕ್ಕೆ ನಡೆಯುತ್ತದೆ. ಹಾಗಂತ ನಿಮ್ಮ ಅಪ್ಪನ ಟೆಸ್ಟ್‌ಗಳೆಲ್ಲ ದಂಡ ಅಲ್ಲ. 3ನೇ ದಿನ ಡೆಂಗ್ಯೂ ನೋಡಿದ್ದು, ರಕ್ತದ ಎಣಿಕೆ ಮಾಡಿಸಿದ್ದು ಸರಿಯೇ.

ಪ್ಲೇಟ್‌ಲೆಟ್ ವಿಷಯವೂ ಹೀಗೇ. ಪ್ಲೇಟ್‌ಲೆಟ್ ಇಳಿಯಿತು ಅಂದಕೂಡಲೇ ಮನೆಯವರು ಡೆಂಗ್ಯೂ ಅಂದುಕೊಂಡು ಪಪ್ಪಾಯ ಎಲೆ ಹುಡುಕಿಕೊಂಡು ಹೊರಡುತ್ತಾರೆ. ಮಲೇರಿಯಾದಲ್ಲೂ ಇಳಿಯುತ್ತದೆ, ಇಲಿ ಜ್ವರದಲ್ಲೂ, ಸ್ಕ್ರಬ್ ಟೈಫಸ್‌ನಲ್ಲೂ, ಮಂಗನ ಕಾಯಿಲೆಯಲ್ಲೂ ಇಳಿಯುತ್ತದೆ. 70,000 ಅನ್ನುವ ಸಂಖ್ಯೆ ಡೆಂಗ್ಯೂವಿನ ಸಹಿ ಅಲ್ಲ.

ಹಾಗಾದರೆ ಇಷ್ಟು ಜ್ವರಗಳ ನಡುವೆ ದಾರಿ ಹುಡುಕುವುದು ಹೇಗೆ? ಕಥೆ ಕೇಳಬೇಕು, ಮೈ ನೋಡಬೇಕು. ಮಲೆನಾಡಿನ ತೋಟದವರು ಜ್ವರ ಅಂತ ಬಂದರೆ ಕೇಳಬೇಕಾದ್ದು ಬೇರೆ, ಮಂಗಳೂರಿನ ಕಟ್ಟಡ ಕೆಲಸದಿಂದ ವಾಪಸ್ ಬಂದ ಹುಡುಗನಿಗೆ ಕೇಳಬೇಕಾದ್ದು ಬೇರೆ. ಆ ಹುಡುಗನಿಗೆ ಮೊದಲು ಮಲೇರಿಯಾ ನೋಡಬೇಕು, ಒಂದು ಸಲ ನೆಗೆಟಿವ್ ಬಂದರೂ ಅನುಮಾನ ಇದ್ದರೆ ಮತ್ತೆ ನೋಡಬೇಕು. ಗದ್ದೆಯಲ್ಲಿ ಬರಿಗಾಲಲ್ಲಿ ನಿಂತವರಿಗೆ ಮೀನಖಂಡ ಒತ್ತಿದರೆ ಪ್ರಾಣ ಹೋಗುವಷ್ಟು ನೋವು, ಕಣ್ಣು ಕೆಂಪು ಅಂದರೆ ಇಲಿ ಜ್ವರ ನೆನಪಾಗಬೇಕು. ನಿಮ್ಮ ಕಡೆಯವರಿಗೆ ಮಂಗನ ಕಾಯಿಲೆ ಬಗ್ಗೆ ನಾನು ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ ಅದು ಮೊದಲು ಗೊತ್ತಾದದ್ದು, ಕಾಡಲ್ಲಿ ಮಂಗ ಸತ್ತು ಬಿದ್ದಿವೆಯಾ ಅನ್ನುವುದು ಅಲ್ಲಿ ಇವತ್ತಿಗೂ ಜ್ವರದವರಿಗೆ ಕೇಳುವ ಪ್ರಶ್ನೆ. ಅದು ಉಣುಗಿನಿಂದ ಬರುವಂಥದ್ದು, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಸ್ಕ್ರಬ್ ಟೈಫಸ್ ಹರಡುವುದು ಉಣುಗಿಗಿಂತ ಎಷ್ಟೋ ಚಿಕ್ಕದಾದ ನುಸಿಯ ಮರಿಗಳಿಂದ, ಕಣ್ಣಿಗೆ ಕಾಣುವುದೇ ಕಷ್ಟ. ಪೊದೆ, ಹುಲ್ಲು, ತೋಟದ ಅಂಚು ಅವುಗಳ ಜಾಗ. ಮಳೆಗಾಲ ಮತ್ತು ಅದರ ನಂತರದ ತಿಂಗಳುಗಳಲ್ಲಿ ಜಾಸ್ತಿ.

ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಸುಮಾರು ಹತ್ತು ದಿನಕ್ಕೆ ಜ್ವರ ಬರುತ್ತದೆ. ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ, ಸುತ್ತ ಕೆಂಪು. ನೋವಿಲ್ಲ, ತುರಿಕೆಯಿಲ್ಲ. ಇರುವುದು ಎಲ್ಲಿ ಅಂದರೆ ಕಂಕುಳು, ತೊಡೆಸಂದಿ, ಸೊಂಟದ ಪಟ್ಟಿ, ಎದೆಯ ಕೆಳಗಿನ ಮಡಿಕೆ. ಅಂದರೆ ರೋಗಿ ತೋರಿಸದ, ಡಾಕ್ಟರು ಕೇಳಲು ನಾಚುವ ಜಾಗಗಳೇ. ನನ್ನ ಕಥೆಯನ್ನೇ ಹೇಳುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಒಬ್ಬ ಅಜ್ಜಿ ಜ್ವರ ಅಂತ ದಾಖಲಾಗಿದ್ದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟೆ, ಹೊಟ್ಟೆ ಒತ್ತಿದೆ, ರಾಶಿ ಟೆಸ್ಟ್ ಬರೆದೆ. ಮೂರನೇ ದಿನ ಮೈ ಒರೆಸುತ್ತಿದ್ದ ನರ್ಸ್ ಬಂದು "ಸಾರ್, ಎದೆ ಕೆಳಗೆ ಏನೋ ಕಪ್ಪಗಿದೆ" ಅಂದರು. ಆ ಮೂರು ದಿನ ನನ್ನ ಸಂಕೋಚದ ಬೆಲೆ. ಆವತ್ತಿನಿಂದ ನರ್ಸನ್ನು ಜೊತೆಗಿಟ್ಟುಕೊಂಡು, ಪರದೆ ಎಳೆದು, ಪೂರ್ತಿ ನೋಡುತ್ತೇನೆ. ಎಲ್ಲರಿಗೂ ಆ ಗುರುತು ಇರುವುದಿಲ್ಲ, ಆದರೆ ಇದ್ದವರಲ್ಲಿ ಅದಕ್ಕಿಂತ ಒಳ್ಳೇ ಟೆಸ್ಟ್ ಇಲ್ಲ, ಖರ್ಚೂ ಇಲ್ಲ. ನಿಮ್ಮ ಮೊದಲ ಡಾಕ್ಟರ ಒಂದು ತಪ್ಪು ಬಹುಶಃ ಇದೇ, 3ನೇ ದಿನ ಆ ಹಕ್ಕಳೆ ಅಲ್ಲೇ ಇದ್ದಿರಬೇಕು.

ಈಗ ನಿಮ್ಮ ತಪ್ಪು. ಮೆಡಿಕಲ್ ಶಾಪಿನ ಆ ಎರಡು ಡೋಸ್. "ಎರಡೇ ಡೋಸ್ ತಾನೆ" ಅನ್ನಬೇಡಿ. ಟೈಫಾಯ್ಡ್ ಅನ್ನುವ ಅನುಮಾನ ಇದ್ದರೆ ಮಾಡಬೇಕಾದದ್ದು ಬ್ಲಡ್ ಕಲ್ಚರ್, ರಕ್ತವನ್ನು ಬಾಟಲಿಗೆ ಹಾಕಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ನೋಡುವುದು. ಬೆಳೆದರೆ ಯಾವ ಔಷಧಿಗೆ ಅದು ಸಾಯುತ್ತದೆ ಅಂತಲೂ ಗೊತ್ತಾಗುತ್ತದೆ, ನಮ್ಮ ದೇಶದ ಟೈಫಾಯ್ಡ್ ಬಹುಪಾಲು ಸಿಪ್ರೊಫ್ಲಾಕ್ಸಸಿನ್‌ಗೆ ಬಗ್ಗದೇ ಇರುವಾಗ ಅದು ಸಣ್ಣ ಮಾತಲ್ಲ. ಮೊದಲ ವಾರದಲ್ಲಿ ತೆಗೆದರೂ ಟೈಫಾಯ್ಡ್ ಇರುವ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಅದು ಸಿಗುವುದು, ಎರಡು ಡೋಸ್ ಆಂಟಿಬಯೋಟಿಕ್ ಹೊಟ್ಟೆಗೆ ಹೋಗಿದ್ದರೆ ಅದೂ ಕಡಿಮೆಯಾಗುತ್ತದೆ. ಕಳ್ಳ ಸಾಯುವುದಿಲ್ಲ, ಬೆರಳಚ್ಚು ಮಾತ್ರ ಅಳಿಸಿಹೋಗುತ್ತದೆ. ಕೆಮ್ಮಿರುವವರಿಗೆ ಇನ್ನೂ ಅಪಾಯ: ಲೆವೊಫ್ಲಾಕ್ಸಸಿನ್ ಥರದ ಮಾತ್ರೆ ಕ್ಷಯದ ಮೇಲೂ ಸ್ವಲ್ಪ ಕೆಲಸ ಮಾಡುತ್ತದೆ, ಒಂದಷ್ಟು ದಿನ ಹುಷಾರಾದಂತೆ ಅನಿಸುತ್ತದೆ, ಕ್ಷಯ ಪತ್ತೆಯಾಗುವುದು ವಾರಗಟ್ಟಲೆ ಮುಂದೆ ಹೋಗುತ್ತದೆ. ಆಂಟಿಬಯೋಟಿಕ್ ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುತ್ತದೆ ನೋಡಿ, ಚೀಟಿ ಇಲ್ಲದೆ ಕೊಡಬಾರದು, ಕೊಳ್ಳಬಾರದು ಅಂತ ಅದರ ಅರ್ಥ. ಮೊದಲು ಸ್ಯಾಂಪಲ್, ಆಮೇಲೆ ಔಷಧಿ. ಈ ಕ್ರಮ ತಪ್ಪಿದರೆ ಎಂಥಾ ದೊಡ್ಡ ಆಸ್ಪತ್ರೆಯಲ್ಲೂ ನಾವು ಕತ್ತಲಲ್ಲಿ ಕೈಯಾಡಿಸುತ್ತೇವೆ.

"ಮೊದಲ ದಿನವೇ ಆ ಮಾತ್ರೆ ಕೊಡಬಹುದಿತ್ತಲ್ಲ" ಅನ್ನುವುದು ನಿಮ್ಮ ಪ್ರಶ್ನೆಗಳಲ್ಲೇ ಒಳ್ಳೆಯದು. ರೋಗ ಖಚಿತವಾಗುವ ಮೊದಲೇ ಅಂದಾಜಿನ ಮೇಲೆ ಔಷಧಿ ಶುರು ಮಾಡುವುದು ನಮ್ಮಲ್ಲಿ ಇದ್ದೇ ಇದೆ. ಯಾವಾಗ ಅನ್ನುವುದಕ್ಕೆ ನಾವು ಎರಡು ವಿಷಯ ತೂಗುತ್ತೇವೆ: ರೋಗಿ ಎಷ್ಟು ಕೆಟ್ಟಿದ್ದಾರೆ, ನಮಗೆ ಎಷ್ಟು ಗ್ಯಾರಂಟಿ ಇದೆ. ಬಿಪಿ ಬಿದ್ದಿದೆ, ಉಸಿರು ಏರುತ್ತಿದೆ, ಮಾತು ತೊದಲುತ್ತಿದೆ ಅಂದರೆ ಗ್ಯಾರಂಟಿಗೆ ಕಾಯುವ ಮಾತೇ ಇಲ್ಲ. ಕಲ್ಚರ್‌ಗೆ ರಕ್ತ ಎಳೆದು, ಒಂದು ಗಂಟೆಯೊಳಗೆ, ಅನುಮಾನ ಇರುವ ಎಲ್ಲದಕ್ಕೂ ಔಷಧಿ ಹಾಕುತ್ತೇವೆ. ನಡೆದುಕೊಂಡು ಬಂದು, ಕಾಫಿ ಕುಡಿದು, ಮಾತಾಡುತ್ತಿರುವ 2ನೇ ದಿನದ ಜ್ವರಕ್ಕೆ ಕಾಯುವುದೇ ಚಿಕಿತ್ಸೆ. ಅವರಲ್ಲಿ ಹೆಚ್ಚಿನವರದ್ದು ವೈರಸ್ ಜ್ವರ, ಡಾಕ್ಸಿ (ಅಪ್ಪನಿಗೆ ಕೊಟ್ಟ ಡಾಕ್ಸಿಸೈಕ್ಲಿನ್) ಇರಲಿ, ಬೇರೆ ಯಾವ ಆಂಟಿಬಯೋಟಿಕ್‌ಗೂ ಬಗ್ಗುವುದಿಲ್ಲ. ಇನ್ನು ನಿಮ್ಮ ಊರಿನಂಥ ಕಡೆ, ಆ ಸೀಸನ್‌ನಲ್ಲಿ, ಐದು ದಿನ ದಾಟಿದ, ಕಾರಣ ಸಿಗದ ಜ್ವರಕ್ಕೆ ಟೆಸ್ಟಿನ ರಿಪೋರ್ಟ್ ಕಾಯದೆ ಡಾಕ್ಸಿ ಶುರು ಮಾಡುವುದು ತಪ್ಪಲ್ಲ, ನಾನೂ ಮಾಡುತ್ತೇನೆ. 1ನೇ ದಿನ ಬೇಡ, 5ನೇ ದಿನ ಬೇಕು. ನೋಡಿ, ಮತ್ತೆ ದಿನಕ್ಕೇ ಬಂದೆವು.

ಅಂದಾಜಿನ ಚಿಕಿತ್ಸೆ ಕೆಲವೊಮ್ಮೆ ಅದೃಷ್ಟವನ್ನೂ ತರುತ್ತದೆ. 1948ರಲ್ಲಿ ಅಮೆರಿಕದ ವಿಜ್ಞಾನಿ ಜೋಸೆಫ್ ಸ್ಮಾಡೆಲ್ ಅವರ ತಂಡ ಕ್ವಾಲಾಲಂಪುರದಲ್ಲಿ ಕ್ಲೋರಾಂಫೆನಿಕಾಲ್ ಅನ್ನುವ ಹೊಸ ಔಷಧಿಯನ್ನು ಸ್ಕ್ರಬ್ ಟೈಫಸ್ ರೋಗಿಗಳಿಗೆ ಕೊಟ್ಟು ನೋಡುತ್ತಿತ್ತು. ಸ್ಕ್ರಬ್ ಅಂದುಕೊಂಡು ಔಷಧಿ ಕೊಟ್ಟಿದ್ದ ಕೆಲವರಿಗೆ ಇದ್ದದ್ದು ಟೈಫಾಯ್ಡ್ ಅಂತ ಆಮೇಲೆ ಗೊತ್ತಾಯಿತು. ಅವರಿಗೂ ವಾಸಿಯಾಯಿತು! ಟೈಫಾಯ್ಡ್‌ಗೆ ಔಷಧಿ ಸಿಕ್ಕಿದ್ದು ಹೀಗೆ. ನಿಮ್ಮ ಅಪ್ಪನ ಕಥೆ ಅದರ ಉಲ್ಟಾ. ಟೈಫಾಯ್ಡ್ ಅಂದುಕೊಂಡು ಕೊಟ್ಟ ಸೆಫ್ಟ್ರಿಯಾಕ್ಸೋನ್ ಎಷ್ಟೇ ದುಬಾರಿ ಇರಲಿ, ಎಷ್ಟೇ "ಪವರ್" ಇರಲಿ, ಸ್ಕ್ರಬ್ ಟೈಫಸ್ ರೋಗಾಣು ನಮ್ಮ ಜೀವಕೋಶದ ಒಳಗೆ ಹೊಕ್ಕು ಕೂತಿರುತ್ತದೆ, ಈ ಔಷಧಿ ಅದನ್ನು ಮುಟ್ಟುವುದಿಲ್ಲ. ಡಾಕ್ಸಿ ಒಳಗೆ ಹೋಗುತ್ತದೆ. ಬೀಗಕ್ಕೆ ಬೇಕಾದ್ದು ಅದರ ಕೀಲಿ, ದೊಡ್ಡ ಕೀಲಿ ಅಲ್ಲ.

ಔಷಧಿ ಶುರು ಮಾಡಿದ ಮೇಲೂ ದಿನ ಎಣಿಸಬೇಕು. 48ರಿಂದ 72 ಗಂಟೆಗೆ ಒಮ್ಮೆ ನಿಂತು, ನಾವು ಹಿಡಿದ ದಾರಿ ಸರಿಯಾ ಅಂತ ಕೇಳಿಕೊಳ್ಳಬೇಕು. ಇಲ್ಲಿ ಮೊದಲ ಡಾಕ್ಟರ ಪರವಾಗಿಯೂ ಒಂದು ಮಾತು. ಟೈಫಾಯ್ಡ್‌ನಲ್ಲಿ ಸರಿಯಾದ ಔಷಧಿ ಬಿದ್ದರೂ ಜ್ವರ ಇಳಿಯಲು ನಾಲ್ಕೈದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಅವರು ಕಾದದ್ದು ಸುಮ್ನೆ ಅಲ್ಲ. ಆದರೆ ಆ ಕಾಯುವಿಕೆ ನಿಂತಿದ್ದು ಒಂದು ವೈಡಾಲ್ ಮೇಲೆ. ಕೆಳಗಿನ ಕಲ್ಲೇ ಸಡಿಲ ಇದ್ದಾಗ ಮಧ್ಯದಲ್ಲಿ ಒಮ್ಮೆ ಇಳಿದು ನೋಡಬೇಕಿತ್ತು. ಸ್ಕ್ರಬ್ ಟೈಫಸ್ ಹಾಗಲ್ಲ, ಡಾಕ್ಸಿ ಬಿದ್ದರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಬಿಡುತ್ತದೆ, ಬಿಡದಿದ್ದರೆ ನಾವೇ ರೋಗ ಬೇರೆ ಇರಬಹುದಾ ಅಂತ ಯೋಚಿಸುತ್ತೇವೆ.

ಮನೆಯಲ್ಲಿ ಮುಂದೆ ಯಾರಿಗಾದರೂ ಜ್ವರ ಬಂದರೆ ಶುರುವಾದ ದಿನ, ಹೊತ್ತು ಕ್ಯಾಲೆಂಡರ್ ಮೇಲೆ ಬರೆದಿಡಿ. ದೊಡ್ಡವರಿಗೆ ಪ್ಯಾರಸಿಟಮಾಲ್ 500 ಅಥವಾ 650, ಆರು ಗಂಟೆಗೊಮ್ಮೆ ಸಾಕು, ಲಿವರ್ ತೊಂದರೆ ಇರುವವರು ಕೇಳಿ ತಗೊಳ್ಳಿ. ಐಬುಪ್ರೊಫೇನ್, ಡೈಕ್ಲೊಫೆನಾಕ್, ಆಸ್ಪಿರಿನ್ ಬೇಡವೇ ಬೇಡ, ಡೆಂಗ್ಯೂ ಆಗಿದ್ದರೆ ರಕ್ತಸ್ರಾವ ಹೆಚ್ಚಾಗಬಹುದು. ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ತಗೊಳ್ಳುವವರು ತಾವಾಗೇ ನಿಲ್ಲಿಸದೆ ಡಾಕ್ಟರನ್ನು ಕೇಳಿ. ಗಂಜಿ, ಎಳನೀರು, ಮಜ್ಜಿಗೆ ಕೊಡುತ್ತಿರಿ. ಒಂದೇ ಗಂಟೆಯಲ್ಲಿ ಜ್ವರ ಇಳಿಸುವ ಇಂಜೆಕ್ಷನ್ ಕೇಳಬೇಡಿ, ಕೆಲವು ಕಡೆ ಅದರಲ್ಲಿ ಸ್ಟಿರಾಯ್ಡ್ ಇರುತ್ತದೆ, ಜ್ವರ ಅಡಗುತ್ತದೆ, ರೋಗ ಬೆಳೆಯುತ್ತದೆ. ಮೂರು ದಿನ ದಾಟಿದರೆ ಡಾಕ್ಟರಿಗೆ ತೋರಿಸಿ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಏದುಸಿರು, ಮಂಪರು, ಮೂತ್ರ ಕಡಿಮೆ, ಇವುಗಳಲ್ಲಿ ಒಂದು ಕಂಡರೂ ದಿನ ಎಣಿಸಬೇಡಿ, ಆಗಲೇ ಹೊರಡಿ. ಡೆಂಗ್ಯೂನಲ್ಲಿ ಅಪಾಯ ಬರುವುದು ಜ್ವರ ಬಿಡುವ ಹೊತ್ತಿಗೆ, ಹೆಚ್ಚಾಗಿ 4ರಿಂದ 6ನೇ ದಿನದ ನಡುವೆ, "ಜ್ವರ ಹೋಯ್ತಲ್ಲ" ಅಂತ ಎಲ್ಲರೂ ನಿರಾಳವಾದಾಗಲೇ. ಅದನ್ನೂ ನೆನಪಿಡಿ.

ಅಪ್ಪನಿಗೆ ಇದು ಮತ್ತೆ ಬರಬಹುದಾ? ಬರಬಹುದು. ಈ ರೋಗಾಣುವಿನಲ್ಲಿ ಬಗೆಬಗೆ ಇವೆ, ಒಮ್ಮೆ ಬಂದರೆ ಜನ್ಮಕ್ಕೆಲ್ಲ ರಕ್ಷಣೆ ಅಂತೇನೂ ಇಲ್ಲ. ತೋಟಕ್ಕೆ ಹೋಗುವಾಗ ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಅದರ ತುದಿ ಸಾಕ್ಸ್ ಒಳಗೆ. ಹುಲ್ಲಿನ ಮೇಲೆ ಕೂರುವುದು, ಅಂಗಿ ಬಿಚ್ಚಿ ಪೊದೆ ಮೇಲೆ ಹಾಕುವುದು ಬಿಡಬೇಕು. ಬಂದಕೂಡಲೇ ಸ್ನಾನ, ಮೈ ಉಜ್ಜಿಕೊಂಡು.

ಕೊನೆಗೆ ಆ 6 ಮಾತ್ರೆ. ಏಳು ದಿನ, ದಿನಕ್ಕೆ ಎರಡು, ಒಟ್ಟು 14. ಹತ್ತರ ಎರಡು ಸ್ಟ್ರಿಪ್ ತಂದಿದ್ದರೆ 6 ಉಳಿಯುವುದು ಸರಿ. ಆದರೂ ಚೀಟಿ ತೆಗೆದು ಎಷ್ಟು ದಿನ ಬರೆದಿದ್ದಾರೆ ನೋಡಿ, ಜ್ವರ ಬಿಟ್ಟಿತು ಅಂತ ಅಪ್ಪ ನಡುವೆ ನಿಲ್ಲಿಸಿಲ್ಲ ತಾನೆ? ಹಾಗಾಗಿದ್ದರೆ ಅದೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಸರಿಯಾಗಿ 14 ಮುಗಿದಿದ್ದರೆ, ಉಳಿದ 6ನ್ನು ಮೆಡಿಕಲ್ ಶಾಪಿನವರು ವಾಪಸ್ ತಗೊಳ್ಳುತ್ತಾರಾ ವಿಚಾರಿಸಿ, ಇಲ್ಲವಾದರೆ ಯಾರ ಕೈಗೂ ಸಿಗದ ಹಾಗೆ ಬಿಸಾಡಿ. ಮನೆಯಲ್ಲಿಟ್ಟರೆ ಮುಂದಿನ ಜ್ವರದ 2ನೇ ದಿನ ಅವು ಯಾರ ಹೊಟ್ಟೆಗೆ ಹೋಗುತ್ತವೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.